ತಕ್ಕಡಿಗೆ ಮುದ್ರೆ ಇದೆ, ಪರದೆಗೆ ಯಾಕಿಲ್ಲ?

ಯಲ್ಲಾಪುರದ ಎಪಿಎಂಸಿ ಪ್ರಾಂಗಣಕ್ಕೆ ಅಡಿಕೆ ಚೀಲ ತಂದ ಬೆಳೆಗಾರ ಮೊದಲು ನೋಡುವುದು ತಕ್ಕಡಿಯನ್ನು. ಮುದ್ರೆ ಇದೆಯಾ, ಸೊನ್ನೆಯಲ್ಲಿ ನಿಂತಿದೆಯಾ ಎಂದು ಖಾತ್ರಿಯಾದ ಮೇಲೆಯೇ ಚೀಲ ಮೇಲೇರುತ್ತದೆ. ವ್ಯಾಪಾರಕ್ಕೆ ಬಳಸುವ ತಕ್ಕಡಿಯನ್ನು ನಿಗದಿತ ಅವಧಿಗೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಿಸಬೇಕೆಂದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯೇ ಹೇಳುತ್ತದೆ. ನಮ್ಮ ಕಾಲೇಜಿನ ಲ್ಯಾಬ್‌ನಲ್ಲೂ ಇದೇ ಶಿಸ್ತು. ಎಲೆಕ್ಟ್ರಾನಿಕ್ಸ್ ಓದುವ ಯಾರನ್ನಾದರೂ ಕೇಳಿ, ಸಿಆರ್‌ಒ ಮುಂದೆ ಕೂತ ಕೂಡಲೇ ಸರ್ಕ್ಯೂಟ್ ಅಳೆಯಲು ಬಿಡುವುದಿಲ್ಲ. ಮೊದಲು ಪ್ರೋಬನ್ನು ಆ ಯಂತ್ರವೇ ಕೊಡುವ 1 ಕಿಲೊಹರ್ಟ್ಸ್ ಚೌಕ ತರಂಗಕ್ಕೆ ಸಿಕ್ಕಿಸಿ, ಅಲೆಯ ಮೂಲೆಗಳು ಚೂಪಾಗಿ ಕಾಣುವವರೆಗೆ ಸಣ್ಣ ಸ್ಕ್ರೂ ತಿರುಗಿಸಬೇಕು. 'ಅಳೆಯೋ ಸಾಮಾನೇ ಸರಿ ಇಲ್ದಿದ್ರೆ ಅಳತೆ ತಗೊಂಡು ಏನ್ ಮಾಡ್ತೀರಿ?' ಎಂದು ನಮ್ಮ ಲ್ಯಾಬ್‌ನ ಸರ್ ಮೊದಲ ದಿನವೇ ಗದರಿಸಿದ್ದರು.

ಈಗ ಇನ್ನೊಂದು ಕಡೆ ನೋಡಿ. ಮದುವೆ ಆಲ್ಬಂ, ಸೀರೆ ಅಂಗಡಿಯ ಕ್ಯಾಟಲಾಗ್, ಹೋಮ್‌ಸ್ಟೇ ಜಾಹೀರಾತು, ಯಕ್ಷಗಾನ ಮೇಳದ ಬ್ಯಾನರ್ ಹೀಗೆ ಬೇರೆಯವರ ಫೋಟೊ ತಿದ್ದಿ ಖರ್ಚಿಗೆ ದುಡ್ಡು ಮಾಡಿಕೊಳ್ಳುವ ಎಷ್ಟೋ ಹುಡುಗ ಹುಡುಗಿಯರು ನಮ್ಮ ನಡುವೆ ಇದ್ದಾರೆ. ಕೆಲಸ ಹುಡುಕುವ ನಡುವಿನ ಖಾಲಿ ವರ್ಷಗಳಲ್ಲಿ ಇದು ಕೈ ಹಿಡಿಯುವ ವೃತ್ತಿ. ಹಳ್ಳಿಯಲ್ಲೇ ಕೂತು ಮಾಡಬಹುದು ಎನ್ನುವುದು ಇನ್ನೊಂದು ಅನುಕೂಲ. ಇವರ ತಕ್ಕಡಿ ಎಂದರೆ ಕಂಪ್ಯೂಟರ್ ಪರದೆ. ಅದನ್ನು ಯಾರೂ ಅಳೆಯುವುದಿಲ್ಲ. ಅಳೆಯಬಹುದು ಎಂಬುದೇ ಬಹಳ ಮಂದಿಗೆ ಗೊತ್ತಿಲ್ಲ. ಕಡೆಗೆ ಬಣ್ಣ ಕೆಟ್ಟರೆ ಬೈಗುಳ ಬೀಳುವುದು ಮಾತ್ರ ಎಡಿಟ್ ಮಾಡಿದವನ ಕಣ್ಣಿಗೆ.

ನನ್ನ ದೊಡ್ಡಪ್ಪನ ಮಗನ ಕತೆ ಹೇಳುತ್ತೇನೆ. ಬಿ.ಕಾಂ. ಮುಗಿಸಿದ ಅಣ್ಣ, ಬ್ಯಾಂಕ್ ಪರೀಕ್ಷೆಗೆ ಓದುತ್ತ ವಜ್ರಳ್ಳಿಯ ಮನೆಯಲ್ಲೇ ಇದ್ದಾನೆ. ಹಗಲು ತೋಟದ ಕೆಲಸ, ಪುಸ್ತಕ. ರಾತ್ರಿ ಊಟ ಆದ ಮೇಲೆ ಮಾಳಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ, ನಗರವೊಂದರ ಸ್ಟುಡಿಯೊ ಕಳಿಸುವ ಮದುವೆ ಫೋಟೊಗಳನ್ನು ತಿದ್ದುತ್ತಾನೆ. ಫೋಟೊಕ್ಕೆ ಇಷ್ಟು ಎಂದು ಲೆಕ್ಕ. ಕಳೆದ ಬೇಸಿಗೆಯ ಮದುವೆ ಸೀಸನ್‌ನಲ್ಲಿ ಮೂರು ಆಲ್ಬಂ ಮುದ್ರಣವಾಗಿ ಬಂದಾಗ ಎಲ್ಲವೂ ಕತ್ತಲು. ಮದುಮಗಳ ಕೆಂಪು ಸೀರೆ ಕಾಡಿಗೆ ಬಳಿದಂತೆ, ಮಂಟಪದ ಹಿಂದೆ ಕೂತವರ ಮುಖವೇ ಇಲ್ಲ. ಸ್ಟುಡಿಯೊದವರು ಮರುಮುದ್ರಣದ ಖರ್ಚನ್ನು ಅಣ್ಣನ ಲೆಕ್ಕದಿಂದ ಮುರಿದುಕೊಂಡರು. ಆ ತಿಂಗಳ ದುಡಿಮೆಯಲ್ಲಿ ಅರ್ಧ ಹೋಯಿತು. ಜೊತೆಗೆ 'ನಿನಗೆ ಬಣ್ಣದ ಸೆನ್ಸ್ ಇಲ್ಲ' ಎಂಬ ಪ್ರಮಾಣಪತ್ರ ಬೇರೆ.

ಅವನಿಗೆ ಬಣ್ಣದ ಸೆನ್ಸ್ ಇಲ್ಲವೇ? ಅಂಗಳದಲ್ಲಿ ಹರಡಿದ ರಾಶಿ ಅಡಿಕೆಯನ್ನು ನೋಡಿ, ಯಾವುದು ಚೊಗರಿನಲ್ಲಿ ಸರಿಯಾಗಿ ಬೆಂದಿದೆ, ಯಾವುದು ಬಿಸಿಲು ಸಾಲದೆ ಮಂಕಾಗಿದೆ ಎಂದು ಹತ್ತು ಅಡಿ ದೂರದಿಂದ ಹೇಳುವ ಹುಡುಗ ಅವನು. ಕೆಂಪಡಿಕೆ, ಚಾಲಿ, ಬೆಟ್ಟೆ, ಗೋಟು ಎಂದು ವಿಂಗಡಿಸುವ ಮನೆಯಲ್ಲಿ ಬೆಳೆದವರ ಕಣ್ಣಿಗೆ ಯಾವ ಕೋರ್ಸೂ ಬೇಡ. ರಜೆಗೆ ಊರಿಗೆ ಹೋದಾಗ ನಾನು ಅವನ ಲ್ಯಾಪ್‌ಟಾಪ್ ಪರದೆಯನ್ನು ಅಳೆದೆ (ಹೇಗೆ ಎಂದು ಮುಂದೆ ಹೇಳುತ್ತೇನೆ). ಬ್ರೈಟ್‌ನೆಸ್ ತುತ್ತತುದಿಗೆ ಇತ್ತು. ಕೋಣೆಯಲ್ಲಿ ದೀಪ ಆರಿಸಿ ಕೂರುವ ರೂಢಿ ಬೇರೆ. ಅಳತೆ ಬಂದದ್ದು ಚದರ ಮೀಟರಿಗೆ ಸುಮಾರು 250 ಕ್ಯಾಂಡೆಲಾ. ಮುದ್ರಣಕ್ಕೆ ಹೋಗುವ ಫೋಟೊ ತಿದ್ದುವ ಪರದೆ ಸಾಮಾನ್ಯವಾಗಿ 80ರಿಂದ 120ರ ಒಳಗೆ ಇರಬೇಕು. ಅಂದರೆ ಎರಡು ಪಟ್ಟಿಗೂ ಹೆಚ್ಚು ಬೆಳಕು. ಅಷ್ಟು ಹೊಳೆಯುವ ಪರದೆಯಲ್ಲಿ ಫೋಟೊ ಕಣ್ಣಿಗೆ ಹದವಾಗಿ ಕಾಣಬೇಕೆಂದರೆ ಫೋಟೊವನ್ನೇ ಕಪ್ಪು ಮಾಡಬೇಕಾಗುತ್ತದೆ. ಒಳ್ಳೆಯ ಕಣ್ಣಿದ್ದವನೇ ಹಾಗೆ ಮಾಡುವುದು. ಕಾಗದಕ್ಕೆ ಹಿಂದಿನಿಂದ ಬೆಳಕಿಲ್ಲ, ಕೋಣೆಯ ಬೆಳಕನ್ನು ಪ್ರತಿಫಲಿಸಿಯೇ ಅದು ಕಾಣಬೇಕು. ಹಾಗಾಗಿ ಆಲ್ಬಂ ಕತ್ತಲು.

ಈ ಒಂದು ಕಾರಣವನ್ನು ತಿಳಿದುಕೊಂಡರೆ ಅರ್ಧ ಸಮಸ್ಯೆ ಮುಗಿದ ಹಾಗೆ. ಉಳಿದರ್ಧಕ್ಕೆ ಸ್ವಲ್ಪ ಒಳಗೆ ಇಳಿಯಬೇಕು.

ಫೋಟೊ ಫೈಲಿನಲ್ಲಿ ಬಣ್ಣ ಇರುವುದಿಲ್ಲ, ಅಂಕಿ ಇರುತ್ತದೆ. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆ. ಸಾಮಾನ್ಯ ಜೆಪೆಗ್ ಫೈಲಿನಲ್ಲಿ ಒಂದೊಂದೂ 0ಯಿಂದ 255ರ ತನಕ. '200 ಕೆಂಪು' ಎಂದರೆ ಎಂಥ ಕೆಂಪು ಎಂದು ಆ ಅಂಕಿಯೇ ಹೇಳಲಾರದು. 'ಎರಡು ಸೇರು' ಎಂದರೆ ಯಾವ ಊರಿನ ಸೇರು ಎಂದು ಹಿಂದಿನವರು ಕೇಳುತ್ತಿದ್ದರಲ್ಲ, ಹಾಗೆ. ಈ ಗೊಂದಲ ತಪ್ಪಿಸಲು 1993ರಲ್ಲಿ ಎಂಟು ಕಂಪನಿಗಳು ಸೇರಿ ಅಂತರರಾಷ್ಟ್ರೀಯ ಕಲರ್ ಕನ್ಸಾರ್ಟಿಯಂ ಕಟ್ಟಿದವು. ಯಾವ ಸಾಧನ ಯಾವ ಅಂಕಿಗೆ ಯಾವ ಬಣ್ಣ ತೋರಿಸುತ್ತದೆ ಎಂದು ಬರೆದಿಡುವ 'ಐಸಿಸಿ ಪ್ರೊಫೈಲ್' ಬಂದದ್ದು ಅಲ್ಲಿಂದ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೊಸಾಫ್ಟ್ ಸೇರಿ ಎಸ್‌ಆರ್‌ಜಿಬಿ ಎಂಬ ಅಳತೆಗೋಲನ್ನು ಮುಂದಿಟ್ಟವು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡವಾಯಿತು. ಬಿಳಿ ಎಂದರೆ ಹಗಲು ಬೆಳಕಿನಂಥ 6500 ಕೆಲ್ವಿನ್ ಬಿಳಿ, ಕಪ್ಪಿನಿಂದ ಬಿಳಿಗೆ ಏರುವ ಮೆಟ್ಟಿಲು ಸುಮಾರು 2.2 ಗ್ಯಾಮಾ, ಕೆಂಪು ಹಸಿರು ನೀಲಿ ಇಂತಿಷ್ಟೇ ಗಾಢ. ಇಂದಿಗೂ ಹೆಚ್ಚಿನ ಆಲ್ಬಂ ಲ್ಯಾಬ್‌ಗಳು ಕೇಳುವುದು ಎಸ್‌ಆರ್‌ಜಿಬಿ ಜೆಪೆಗ್ ಫೈಲನ್ನೇ.

ಹಾಗಾದರೆ ಎಲ್ಲ ಪರದೆಗಳೂ ಇದೇ ಅಳತೆಗೆ ಬರುತ್ತವೆಯೇ? ಇಲ್ಲ. ಅಂಗಡಿಯ ಗೋಡೆಯಲ್ಲಿ ಹತ್ತು ಪರದೆಗಳು ಸಾಲಾಗಿ ಉರಿಯುತ್ತಿರುವಾಗ ನಾವು ಯಾವುದರತ್ತ ಹೋಗುತ್ತೇವೆ? ಹೆಚ್ಚು ಹೊಳೆಯುವ, ಹೆಚ್ಚು ನೀಲಿಯಾಗಿ 'ಫ್ರೆಶ್' ಕಾಣುವ ಪರದೆಯತ್ತ. ತಯಾರಕರಿಗೆ ಇದು ಗೊತ್ತು. ಫೋನುಗಳಲ್ಲಂತೂ 'ವಿವಿಡ್' ಎಂಬ ಹೆಸರಿನಲ್ಲಿ ಬಣ್ಣ ಉಬ್ಬಿಸಿಯೇ ಕೈಗೆ ಕೊಡುವುದು ಸಾಮಾನ್ಯ. ನಮ್ಮಪ್ಪ ಹೊಸ ಫೋನು ತಂದ ದಿನ ಅಂಗಳದ ಅಡಿಕೆಯ ಫೋಟೊ ತೆಗೆದು ವ್ಯಾಪಾರಿಯೊಬ್ಬರಿಗೆ ಕಳಿಸುವ ಮೊದಲು ಆಯಿಗೆ ತೋರಿಸಿದರು. ಆಯಿ ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ತಿರುಗಿ, 'ಯಮ್ಮನೆ ಅಡಿಕೆ ಇಷ್ಟು ಕೆಂಪು ಯಾವಾಗ ಆತೇ ಕೂಸೇ?' ಎಂದು ಕೇಳಿದಳು. ಸೆಟ್ಟಿಂಗ್ಸ್‌ನಲ್ಲಿ 'ನ್ಯಾಚುರಲ್' ಎಂದು ಒತ್ತಿದ ಮೇಲೆ ಅಡಿಕೆ ಅಂಗಳದ ಅಡಿಕೆಯಂತೆಯೇ ಕಂಡಿತು. ಅಪ್ಪನಿಗೆ ಮಾತ್ರ ಬೇಸರ, ಫೋನಿನ ಅರ್ಧ ಕಾಸು ಹೋದ ಹಾಗೆ!

ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳ ರೋಗ ಇದಕ್ಕೆ ಉಲ್ಟಾ. ವಿವರಪಟ್ಟಿಯ ಮೂಲೆಯಲ್ಲಿ '45% ಎನ್‌ಟಿಎಸ್‌ಸಿ' ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಅದರರ್ಥ, ಎಸ್‌ಆರ್‌ಜಿಬಿಯ ಬಣ್ಣಗಳಲ್ಲಿ ಮೂರನೇ ಒಂದರಷ್ಟನ್ನು ಆ ಪರದೆ ತೋರಿಸಲಾರದು. ಮೊದಲು ಸೊರಗುವುದು ಕೆಂಪು. ಕುಂಕುಮದ ಕೆಂಪು ಇಟ್ಟಿಗೆ ಬಣ್ಣಕ್ಕೆ ಇಳಿಯುತ್ತದೆ. ಎಡಿಟರ್ 'ಕೆಂಪು ಸಾಲದು' ಎಂದು ಸ್ಲೈಡರ್ ಎಳೆಯುತ್ತಾನೆ, ಪರದೆಯಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ, ಇನ್ನಷ್ಟು ಎಳೆಯುತ್ತಾನೆ. ಫೈಲಿನಲ್ಲಿ ಮಾತ್ರ ಕೆಂಪು ಉಕ್ಕಿ ಸೀರೆಯ ಜರಿ, ನೆರಿಗೆ ಎಲ್ಲ ಮುಚ್ಚಿಹೋಗಿರುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವವರಿಗೆ ನನ್ನದೊಂದೇ ಮಾತು: ಪ್ರೊಸೆಸರ್‌ನ ಹೆಸರು ಕೇಳುವಷ್ಟೇ ಹಟದಿಂದ '100% ಎಸ್‌ಆರ್‌ಜಿಬಿ ಇದೆಯಾ, ಐಪಿಎಸ್ ಪ್ಯಾನೆಲ್ಲಾ?' ಎಂದು ಕೇಳಿ. '72% ಎನ್‌ಟಿಎಸ್‌ಸಿ' ಎಂದಿದ್ದರೂ ಹೆಚ್ಚುಕಡಿಮೆ ಅದೇ. ಹಳೆಯ ಟಿಎನ್ ಪ್ಯಾನೆಲ್ ಆದರೆ ತಲೆ ನಾಲ್ಕು ಬೆರಳು ಮೇಲೆತ್ತಿದರೂ ಬಣ್ಣ ಬದಲಾಗುತ್ತದೆ. ಅಂಗಡಿಯವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಮಾಡೆಲ್ ನಂಬರ್ ಬರೆದುಕೊಂಡು ಮನೆಗೆ ಬನ್ನಿ, ಏನೂ ನಷ್ಟವಿಲ್ಲ. ಈಗಾಗಲೇ ಅಂಥ ಲ್ಯಾಪ್‌ಟಾಪ್ ಕೊಂಡಾಗಿದೆ ಎಂದರೆ ಅದಕ್ಕೊಂದು ಹೊರಗಿನ ಐಪಿಎಸ್ ಮಾನಿಟರ್ ಜೋಡಿಸುವುದು ಹೊಸ ಲ್ಯಾಪ್‌ಟಾಪ್‌ಗಿಂತ ಎಷ್ಟೋ ಅಗ್ಗ.

ಇನ್ನು ಕಾಸು ಖರ್ಚಿಲ್ಲದೆ ಏನು ಮಾಡಬಹುದು? ಬಹಳಷ್ಟು.

ಮೊದಲು ಪರದೆ ತನ್ನಷ್ಟಕ್ಕೇ ಬದಲಾಗುವುದನ್ನು ನಿಲ್ಲಿಸಿ. ರಾತ್ರಿಯಾದಂತೆ ಪರದೆಯನ್ನು ಹಳದಿ ಮಾಡುವ ನೈಟ್ ಲೈಟ್, ಬೆಳಕಿಗೆ ತಕ್ಕಂತೆ ಹೊಳಪು ಏರಿಸಿ ಇಳಿಸುವ ಆಟೊ ಬ್ರೈಟ್‌ನೆಸ್, ಬ್ಯಾಟರಿ ಉಳಿಸಲು ಬಣ್ಣ ಮಂಕು ಮಾಡುವ ಸೆಟ್ಟಿಂಗ್, ಮಾನಿಟರ್‌ನ 'ಗೇಮ್', 'ಸಿನಿಮಾ' ಮೋಡ್‌ಗಳು ಎಲ್ಲವೂ ಎಡಿಟಿಂಗ್ ವೇಳೆ ಬಂದ್ ಆಗಬೇಕು. ಮಾನಿಟರ್‌ನ ಮೆನುವಿನಲ್ಲಿ ಎಸ್‌ಆರ್‌ಜಿಬಿ ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿ. ಹಾಕಿದ ಕೂಡಲೇ ಹಳದಿ ಎನಿಸುತ್ತದೆ, ಇಷ್ಟು ದಿನ ನೀಲಿಗೆ ಹೊಂದಿಕೊಂಡ ಕಣ್ಣು ಅದು. ಹತ್ತು ನಿಮಿಷ ತಾಳ್ಮೆ ಇರಲಿ. ಪರದೆ ಹಚ್ಚಿ ಅರ್ಧ ಗಂಟೆ ಕಾಯಿದ ಮೇಲೆ ಬಣ್ಣದ ಕೆಲಸಕ್ಕೆ ಕೂರುವುದು ಕ್ಷೇಮ.

ಬೆಳಕಿನ ಪ್ರಮಾಣ ಅಳೆಯಲು ಮೀಟರ್ ಇಲ್ಲವೇ? ಮ್ಯಾನ್ಯುಯಲ್ ಮೋಡ್ ಇರುವ ಯಾವುದೇ ಕ್ಯಾಮೆರಾ ಸಾಕು. ಇದು ನನಗೆ ತುಂಬ ಇಷ್ಟವಾದ ಲೆಕ್ಕ. ಪರದೆ ತುಂಬ ಖಾಲಿ ಬಿಳಿ ತೋರಿಸಿ. ಕ್ಯಾಮೆರಾವನ್ನು ಐಎಸ್‌ಒ 100, ಎಫ್ 4ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಚೌಕಟ್ಟಿನ ತುಂಬ ಬಿಳಿಯೇ ಇರುವಂತೆ ಹಿಡಿಯಿರಿ. ಕ್ಯಾಮೆರಾದ ಮೀಟರ್ ಸೊನ್ನೆಗೆ ಬರುವ ಶಟರ್ ವೇಗ 1/50 ಸೆಕೆಂಡ್ ಆದರೆ ಪರದೆಯ ಬೆಳಕು ಚದರ ಮೀಟರಿಗೆ ಸುಮಾರು 100 ಕ್ಯಾಂಡೆಲಾ. 1/60 ಆದರೆ 120. ಅಣ್ಣನ ಲ್ಯಾಪ್‌ಟಾಪ್‌ನಲ್ಲಿ 1/125 ಬಂತು, ಅದೇ 250. ಶಟರ್ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ಸಾಕು, ಉತ್ತರ ಸಿಕ್ಕಿತು. ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಸ್ವಲ್ಪ ವ್ಯತ್ಯಾಸ ಇದ್ದೀತು. ಆದರೆ 100ಕ್ಕೂ 250ಕ್ಕೂ ಇರುವ ಅಂತರ ಯಾವ ಕ್ಯಾಮೆರಾದಲ್ಲೂ ಮುಚ್ಚಿಹೋಗುವುದಿಲ್ಲ. ಕ್ಯಾಮೆರಾವೂ ಇಲ್ಲ ಎಂದಾದರೆ, ಕೋಣೆಯ ದೀಪದ ಕೆಳಗೆ ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿದು, ಪರದೆಯ ಬಿಳಿಯೂ ಹಾಳೆಯ ಬಿಳಿಯೂ ಸರಿಸಮ ಆಗುವವರೆಗೆ ಬ್ರೈಟ್‌ನೆಸ್ ಇಳಿಸಿ. ಪರದೆ ದೀಪದಂತೆ ಕಾಣಬಾರದು, ಕಾಗದದಂತೆ ಕಾಣಬೇಕು.

ಇನ್ನೆರಡು ಪರೀಕ್ಷೆಯನ್ನು ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲಿ ನೀವೇ ಮಾಡಿಕೊಳ್ಳಬಹುದು. ಕಪ್ಪು ಹಿನ್ನೆಲೆಯ ಮೇಲೆ 5, 10, 15, 20 ಅಂಕಿಯ ಬೂದು ಚೌಕಗಳನ್ನು ಬಿಡಿಸಿ. 10ರ ಚೌಕ ಮಸುಕಾಗಿಯಾದರೂ ಕಾಣಬೇಕು. 20ರದ್ದೂ ಕಪ್ಪಿನಲ್ಲಿ ಮುಳುಗಿದ್ದರೆ ನಿಮ್ಮ ಪರದೆ ನೆರಳಿನ ವಿವರ ನುಂಗುತ್ತಿದೆ ಎಂದರ್ಥ. ಬಿಳಿಯ ಮೇಲೆ 245, 250 ಹಾಕಿಯೂ ನೋಡಿ. ಎರಡನೆಯದು ಗ್ಯಾಮಾ ಪರೀಕ್ಷೆ. ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ ಹೀಗೆ ಅಡ್ಡಗೆರೆ ಎಳೆದ ಒಂದು ಪಟ್ಟಿ, ಅದರ ಪಕ್ಕದಲ್ಲಿ 186 ಅಂಕಿಯ ಒಂದೇ ಬೂದು. ಜೂಮ್ 100%ಕ್ಕಿಟ್ಟು ದೂರ ಸರಿದು ನೋಡಿದರೆ ಎರಡೂ ಒಂದೇ ಬೂದಾಗಿ ಬೆರೆಯಬೇಕು. ವಿಂಡೋಸ್ ಸ್ಕೇಲಿಂಗ್ 100%ರಲ್ಲಿ ಇಲ್ಲದಿದ್ದರೆ ಗೆರೆಗಳು ಕಲಸಿ ಪರೀಕ್ಷೆ ಸುಳ್ಳಾಗುತ್ತದೆ, ಗಮನಿಸಿ. ಬೆರೆಯಲಿಲ್ಲ ಎಂದರೆ ವಿಂಡೋಸ್‌ನೊಳಗೇ ಇರುವ 'ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್' ಎಂಬ ಸೌಲಭ್ಯದಿಂದ ತಕ್ಕಮಟ್ಟಿಗೆ ಸರಿಮಾಡಬಹುದು.

ಕೋಣೆಯೂ ಮಾನಿಟರ್‌ನ ಒಂದು ಭಾಗ ಎಂದರೆ ನಗಬೇಡಿ. ನಮ್ಮ ಕಡೆಯ ಮನೆಗಳನ್ನು ನೆನಪಿಸಿಕೊಳ್ಳಿ. ಕೆಂಪು ಗಾರೆಯ ನೆಲ, ತಿಳಿಹಸಿರು ಗೋಡೆ, ಕಿಟಕಿಯ ಹೊರಗೆ ಎತ್ತ ನೋಡಿದರೂ ತೋಟದ ಹಸಿರು. ಮಳೆಗಾಲದ ಮಧ್ಯಾಹ್ನ ಆ ಕಿಟಕಿಯಿಂದ ಬರುವ ಬೆಳಕು ಬಿಳಿಯಲ್ಲ, ಮೋಡದ ನೀಲಿ ಮತ್ತು ಎಲೆಯ ಹಸಿರು ಕಲಸಿದ್ದು. ಹಸಿರು ಸುತ್ತುವರಿದ ಕಣ್ಣು ಹಸಿರನ್ನು ಕಳೆದು ನೋಡಲು ಕಲಿತುಬಿಡುತ್ತದೆ. ಆಗ ಪರದೆಯ ಮೇಲಿನ ಹದವಾದ ಬೂದು ಕೂಡ ಗುಲಾಬಿಗೆ ತಿರುಗಿದಂತೆ ಅನಿಸಬಹುದು. ಪರದೆಯ ಹಿಂದಿನ ಗೋಡೆಗೆ ಒಂದು ಬೂದು ಅಥವಾ ಬಿಳಿ ಬಟ್ಟೆ ತೂಗಿಸಿ. ಕಿಟಕಿಯನ್ನು ಪರದೆಗೆ ಎದುರಾಗಿಯಾಗಲೀ ಬೆನ್ನಿಗಾಗಲೀ ಇಡದೆ ಪಕ್ಕಕ್ಕೆ ಬರುವಂತೆ ಮೇಜು ತಿರುಗಿಸಿ. ಡೆಸ್ಕ್‌ಟಾಪ್‌ನ ವಾಲ್‌ಪೇಪರ್ ಬೂದು ಇರಲಿ, ಹೀರೊ ಫೋಟೊ ಫೋನಿನಲ್ಲಿರಲಿ ಸಾಕು. ಪೂರ್ತಿ ಕತ್ತಲಲ್ಲಿ ಕೂರಬೇಡಿ, ಪರದೆಯ ಹಿಂದೊಂದು ಸಣ್ಣ ಬಿಳಿ ಎಲ್‌ಇಡಿ ಬಲ್ಬ್ ಉರಿಯಲಿ. ಮುದ್ರಣವಾಗಿ ಬಂದ ಆಲ್ಬಂ ಅನ್ನು ಹಳದಿ ಬಲ್ಬಿನ ಕೆಳಗೆ ಹಿಡಿದು 'ಹಳದಿಯಾಗಿದೆ' ಎನ್ನುವವರಿದ್ದಾರೆ. ಅದನ್ನು ಹಗಲು ಹೊತ್ತು ಬಿಸಿಲು ನೇರ ಬೀಳದ ಜಗುಲಿಗೆ ತಂದು ನೋಡಬೇಕು.

ಇಷ್ಟಾದರೆ ನೂರಕ್ಕೆ ನೂರು ಸರಿಯೇ? ಅಲ್ಲ. ಕಣ್ಣಿನಿಂದ ಮಾಡುವ ಹೊಂದಾಣಿಕೆಗೆ ಮಿತಿ ಇದೆ, ಯಾಕೆಂದರೆ ಕಣ್ಣು ಹೊಂದಿಕೊಳ್ಳುವುದರಲ್ಲಿ ಬಲು ಜಾಣ. ನಿಜವಾದ ಅಳತೆಗೆ ಕಲರಿಮೀಟರ್ ಬೇಕು. ಅಂಗೈಯಲ್ಲಿ ಹಿಡಿಸುವ ಸಾಧನ. ಅದನ್ನು ಪರದೆಗೆ ಒರಗಿಸಿ ಇಳಿಬಿಟ್ಟರೆ ತಂತ್ರಾಂಶ ಒಂದಾದ ಮೇಲೊಂದು ಬಣ್ಣದ ಚೌಕ ತೋರಿಸುತ್ತದೆ, ಸಾಧನ ಪ್ರತಿಯೊಂದನ್ನೂ ಅಳೆಯುತ್ತದೆ. ಕೇಳಿದ ಬಣ್ಣಕ್ಕೂ ಬಂದ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕ ಹಾಕಿ ಐಸಿಸಿ ಪ್ರೊಫೈಲ್ ಬರೆಯುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಪರಿಚಿತ ವಿಷಯ: ತಪ್ಪನ್ನು ಅಳೆದು, ಉಲ್ಟಾ ತಪ್ಪು ಸೇರಿಸಿ ಸರಿಮಾಡುವುದು. ಡೇಟಾಕಲರ್‌ನ ಸ್ಪೈಡರ್, ಕ್ಯಾಲಿಬ್ರೈಟ್ ಎಂಬ ಹೆಸರಿನವು ಮಾರುಕಟ್ಟೆಯಲ್ಲಿವೆ. ಅಂಥ ಹಲವು ಸಾಧನಗಳ ಜೊತೆ ಕೆಲಸ ಮಾಡುವ ಆರ್ಗಿಲ್ ಸಿಎಂಎಸ್, ಡಿಸ್‌ಪ್ಲೇಕ್ಯಾಲ್ ತಂತ್ರಾಂಶಗಳು ಉಚಿತ. ಸಾಧನ ಮಾತ್ರ ಉಚಿತವಲ್ಲ, ಒಳ್ಳೆಯದರ ಬೆಲೆ ಹತ್ತು ಸಾವಿರ ದಾಟುತ್ತದೆ. ಫೋಟೊಕ್ಕೆ ಇಷ್ಟು ಎಂದು ದುಡಿಯುವ ಹುಡುಗನಿಗೆ ಅದು ತಿಂಗಳ ಲೆಕ್ಕ. ಸ್ಟುಡಿಯೊಕ್ಕೆ ಎರಡು ಆಲ್ಬಂ ಮರುಮುದ್ರಣದ ಲೆಕ್ಕ ಇರಬಹುದು ಅಷ್ಟೆ.

'ಇಷ್ಟೆಲ್ಲ ಯಾಕೆ? ಈಗ ಎಲ್ಲರೂ ಫೋನಿನಲ್ಲೇ ಫೋಟೊ ನೋಡುವುದು. ಒಬ್ಬೊಬ್ಬರ ಫೋನೂ ಒಂದೊಂದು ಥರ' ಎಂದು ಹಾಸ್ಟೆಲ್ ಗೆಳತಿಯರು ವಾದಿಸುತ್ತಾರೆ. ಮೇಲ್ನೋಟಕ್ಕೆ ಸರಿ ಎನಿಸುವ ವಾದ. ಆದರೆ ನೂರು ಜನರ ಫೋನುಗಳ ದೋಷ ನೂರು ದಿಕ್ಕಿಗೆ ಇರುತ್ತದೆ. ಒಂದು ನೀಲಿ, ಒಂದು ಹಳದಿ, ಒಂದು ಮಂಕು, ಒಂದು ಅತಿ ಹೊಳಪು. ಫೈಲ್ ನಡುವಿನಲ್ಲಿ ಸರಿಯಾಗಿದ್ದರೆ ಪ್ರತಿಯೊಬ್ಬರಿಗೂ ತಮ್ಮ ಫೋನಿನ ದೋಷವಷ್ಟೇ ಕಾಣುತ್ತದೆ, ಅದಕ್ಕೆ ಅವರ ಕಣ್ಣು ಮೊದಲೇ ಹೊಂದಿಕೊಂಡಿರುತ್ತದೆ. ಎಡಿಟ್ ಮಾಡಿದ ಪರದೆಯೇ ನೀಲಿ ಇದ್ದರೆ? ಅದನ್ನು ಸರಿದೂಗಿಸಲು ಎಡಿಟರ್ ಸೇರಿಸಿದ ಹಳದಿ, ಹಳದಿ ಫೋನಿನವರಿಗೆ ಅರಿಸಿನ ಮೆತ್ತಿದ ಹಾಗೆ ಕಾಣುತ್ತದೆ. ಎಲ್ಲರ ದೋಷದ ಮೇಲೂ ಒಬ್ಬನ ದೋಷ ಹೇರಿದಂತೆ. ಅದಲ್ಲದೆ ಮದುವೆ ಆಲ್ಬಂ ಇನ್ನೂ ಕಾಗದದ್ದೇ. ಇಪ್ಪತ್ತು ವರ್ಷ ಆದ ಮೇಲೆ ಮೊಮ್ಮಕ್ಕಳು ತೆಗೆದು ನೋಡುವುದು ಅದನ್ನೇ.

ಬಣ್ಣದ ವಿಷಯದಲ್ಲಿ ಮೈಬಣ್ಣದ ಮಾತು ಬಾರದೆ ಇರದು. ಬಹುಕಾಲ ಫೋಟೊ ಲ್ಯಾಬ್‌ಗಳು ಬಣ್ಣ ಹೊಂದಿಸಲು ಕೊಡಾಕ್ ಕಂಪನಿ ಕಳಿಸುತ್ತಿದ್ದ 'ಶರ್ಲಿ ಕಾರ್ಡ್' ಬಳಸುತ್ತಿದ್ದವು. ಅದರಲ್ಲಿ ಇರುತ್ತಿದ್ದುದು ಬಿಳಿ ಚರ್ಮದ ಹೆಂಗಸಿನ ಚಿತ್ರ. ಅವಳ ಮುಖ ಚೆನ್ನಾಗಿ ಬಂದರೆ ಯಂತ್ರ ಸರಿ ಇದೆ ಎಂದು ಲೆಕ್ಕ. ಕಪ್ಪು ಮೈಬಣ್ಣದವರ ಮುಖ ಅದೇ ಫೋಟೊದಲ್ಲಿ ಹಲ್ಲು, ಕಣ್ಣು ಬಿಟ್ಟರೆ ಬರೀ ನೆರಳು. ಬೇರೆ ಬೇರೆ ಮೈಬಣ್ಣದ ಹೆಂಗಸರಿರುವ ಕಾರ್ಡ್ ಬಂದದ್ದು 1990ರ ದಶಕದ ನಡುವಿನಲ್ಲಿ. ಅಮೆರಿಕದ ಕತೆ ನಮಗ್ಯಾಕೆ ಎನ್ನುವಂತಿಲ್ಲ. ನಮ್ಮ ಯಲ್ಲಾಪುರ ತಾಲ್ಲೂಕಿನಲ್ಲಿ ಸಿದ್ದಿ ಸಮುದಾಯದ ಮನೆಗಳು ಎಷ್ಟೋ ಇವೆ. ಅವರ ಮನೆಯ ಮದುವೆ ಆಲ್ಬಂ ನೋಡಿದ್ದೇನೆ. ಕೆಲವು ಪುಟಗಳಲ್ಲಿ ಮುಖಕ್ಕೆ ಬೂದಿ ಬಳಿದಂತೆ ಬಿಳಿಚಿಸಿದ್ದಾರೆ, ಕೆಲವು ಪುಟಗಳಲ್ಲಿ ಮುಖವೇ ಕಾಣದಷ್ಟು ಕತ್ತಲು. ಮೊದಲನೆಯದು ಎಲ್ಲರನ್ನೂ 'ಫೇರ್' ಮಾಡುವ ಹಾಳು ಚಟ, ಅದಕ್ಕೆ ಯಾವ ಕಲರಿಮೀಟರೂ ಮದ್ದಲ್ಲ. ಎರಡನೆಯದಕ್ಕೆ ಮದ್ದಿದೆ. ಅತಿ ಹೊಳಪಿನ ಪರದೆಯಲ್ಲಿ ತಿದ್ದಿದಾಗ ಗೋಧಿ ಬಣ್ಣದ ಮುಖ ಸ್ವಲ್ಪ ಮಂಕಾಗಿ ಬಚಾವಾಗುತ್ತದೆ, ಕಪ್ಪು ಮುಖದ ಕೆನ್ನೆಯ ಹೊಳಪು, ನಗುವಿನ ಗೆರೆ ಪೂರ್ತಿ ಅಳಿಸಿಹೋಗುತ್ತದೆ. ಮೇಲೆ ಹೇಳಿದ 10, 15, 20ರ ಚೌಕಗಳು ಕಾಣುವ ಪರದೆಯಲ್ಲಿ ಕೂತ ಎಡಿಟರ್‌ಗೆ ಆ ಮುಖದಲ್ಲಿ ಏನು ಉಳಿಸಬೇಕು ಎಂದು ಕಾಣುತ್ತದೆ. ಕಾಣದ್ದನ್ನು ಯಾರು ತಾನೇ ಉಳಿಸಿಯಾರು?

ಈಗ ಮರುಮುದ್ರಣದ ಖರ್ಚಿಗೆ ಬರೋಣ. ಕೆಲಸಗಾರನ ಕೈಯಲ್ಲಿ ಸರಿಯಾದ ಉಪಕರಣ ಇದೆಯೇ ಎಂದು ನೋಡುವುದು ಕೆಲಸ ಕೊಟ್ಟವರ ಜವಾಬ್ದಾರಿ. ಮನೆಯಿಂದ ಮಾಡುವ ಕೆಲಸ ಎಂಬ ಒಂದೇ ನೆಪದಲ್ಲಿ ಲ್ಯಾಪ್‌ಟಾಪ್, ಕರೆಂಟು, ಇಂಟರ್ನೆಟ್ ಎಲ್ಲ ಹುಡುಗನದ್ದು, ನಷ್ಟವೂ ಹುಡುಗನದ್ದು, ಲಾಭ ಮಾತ್ರ ಸ್ಟುಡಿಯೊದ್ದು ಎಂದಾದರೆ ಅದು ಯಾವ ನ್ಯಾಯ? ಅಣ್ಣ ಆ ಸ್ಟುಡಿಯೊದವರಿಗೆ, 'ನಿಮ್ಮ ಮಾನಿಟರ್ ಎಷ್ಟು ಬ್ರೈಟ್‌ನೆಸ್‌ಗೆ ಇಟ್ಟಿದ್ದೀರಿ, ಯಾವ ಪ್ರೊಫೈಲ್?' ಎಂದು ಕೇಳಿದ. ಅವರಿಗೂ ಗೊತ್ತಿರಲಿಲ್ಲ. ಮುದ್ರಣಕ್ಕೆ ಕಳಿಸುವ ಮೊದಲು ಅವರೂ ಆ ಫೈಲುಗಳನ್ನು ತಮ್ಮ ಪರದೆಯಲ್ಲಿ ನೋಡಿ 'ಓಕೆ' ಎಂದವರೇ. ಮೂರು ಆಲ್ಬಂ ಒಟ್ಟಿಗೆ ಮುದ್ರಿಸುವ ಮೊದಲು ಒಂದೆರಡು ಪುಟದ ಪರೀಕ್ಷಾ ಮುದ್ರಣ ತೆಗೆಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಹಾಗೆಂದು ಸ್ಟುಡಿಯೊಗಳು ನಾಳೆಯೇ ಬದಲಾಗುತ್ತವೆ ಎಂಬ ಭ್ರಮೆ ನನಗಿಲ್ಲ. ಸಣ್ಣ ಸ್ಟುಡಿಯೊಗಳ ಕಷ್ಟವೂ ಸಣ್ಣದಲ್ಲ, ಎಲ್ಲರ ಕೈಯಲ್ಲೂ ಫೋನು ಬಂದ ಮೇಲೆ ಅವರ ಗಿರಾಕಿ ಕರಗಿದ್ದಾರೆ. ಆದರೆ ಇಂಥ ಕೆಲಸ ಹಿಡಿಯುವ ನಾವು ಕೆಲವು ಮಾತುಗಳನ್ನು ಮೊದಲೇ ಬರವಣಿಗೆಯಲ್ಲಿ ಇಟ್ಟುಕೊಳ್ಳಬಹುದು. ವಾಟ್ಸ್‌ಆ್ಯಪ್ ಮೆಸೇಜ್ ಆದರೂ ಸಾಕು. ಫೈಲ್ ಎಸ್‌ಆರ್‌ಜಿಬಿಯಲ್ಲಿ ಕೊಡುತ್ತೇನೆ, ನನ್ನ ಪರದೆ ಇಷ್ಟು ಬೆಳಕಿಗೆ ಹೊಂದಿಸಿದ್ದೇನೆ, ಪೂರ್ತಿ ಆಲ್ಬಂಗೆ ಮೊದಲು ಒಂದು ಪುಟ ಮುದ್ರಿಸಿ ನೋಡಿ, ಒಪ್ಪಿಗೆ ಆದ ಮೇಲಿನ ಮರುಮುದ್ರಣ ನನ್ನ ಲೆಕ್ಕಕ್ಕಲ್ಲ. ಅಣ್ಣ ಈಗ ಹೀಗೆ ಕಳಿಸುತ್ತಾನೆ. ಒಂದು ಸ್ಟುಡಿಯೊ ಮರುಮಾತಾಡದೆ ಬೇರೆಯವರನ್ನು ಹುಡುಕಿಕೊಂಡಿತು. ಇನ್ನೊಂದು, 'ಇಷ್ಟು ತಿಳಿದವರು ಬೇಕಿತ್ತು' ಎಂದು ಹೇಳಿ ಫೋಟೊಕ್ಕೆ ಎರಡು ರೂಪಾಯಿ ಹೆಚ್ಚು ಕೊಡುತ್ತಿದೆ. ಸಂದರ್ಶನಕ್ಕೆ ಹೋಗುವವರೂ ಈ ವಿಷಯ ಬಾಯಲ್ಲಿಟ್ಟುಕೊಳ್ಳಿ. ಫೋಟೊಶಾಪ್ ಬರುತ್ತದೆ ಎನ್ನುವವರು ಸಾಲುಗಟ್ಟಿ ನಿಂತಿರುತ್ತಾರೆ, ತನ್ನ ಪರದೆಯನ್ನು ಅಳೆದು ನೋಡಿದವರು ಅದರಲ್ಲಿ ಒಬ್ಬರೋ ಇಬ್ಬರೋ.

ಕಾಲೇಜುಗಳ ಪಾಲೂ ಇದರಲ್ಲಿದೆ. ಇಮೇಜ್ ಪ್ರೊಸೆಸಿಂಗ್ ಪಾಠದಲ್ಲಿ ನಮ್ಮ ತರಗತಿ ಹಿಸ್ಟೊಗ್ರಾಂ ಬಿಡಿಸಿತು, ಫಿಲ್ಟರ್ ಬರೆಯಿತು, ಚಿತ್ರದ ಗದ್ದಲ ತೆಗೆಯಿತು. ಅಷ್ಟೂ ಚಿತ್ರಗಳನ್ನು ನೋಡಿದ ಲ್ಯಾಬ್ ಮಾನಿಟರ್‌ಗಳು ಮಾತ್ರ ಒಂದು ಹಳದಿ, ಪಕ್ಕದ್ದು ನೇರಳೆ. ವಾರ್ಷಿಕೋತ್ಸವದ ಫೋಟೊ ಸ್ಪರ್ಧೆಯ ತೀರ್ಪು ನಡೆಯುವುದು ಪ್ರೊಜೆಕ್ಟರ್ ಮೇಲೆ, ಅದೂ ಕಿಟಕಿ ತೆರೆದಿಟ್ಟು. ಸಿಆರ್‌ಒ ಪ್ರೋಬಿಗೆ ಇರುವ ಶಿಸ್ತು ಪರದೆಗೂ ಬರಬೇಕಾದರೆ ವಿಭಾಗಕ್ಕೊಂದು ಕಲರಿಮೀಟರ್ ಸಾಕು. ಒಂದು ಪರದೆಯನ್ನು ಅಳೆಯಲು ಹದಿನೈದು ಇಪ್ಪತ್ತು ನಿಮಿಷ, ತಿಂಗಳಿಗೊಮ್ಮೆ ಅಳೆದರೆ ಧಾರಾಳ. ಉಳಿದ ದಿನಗಳಲ್ಲಿ ಆ ಸಾಧನ ಕಪಾಟಿನಲ್ಲಿ ಕೂರುವ ಬದಲು ಗ್ರಂಥಾಲಯದ ಪುಸ್ತಕದಂತೆ ಮೂರು ದಿನಕ್ಕೆ ವಿದ್ಯಾರ್ಥಿಗಳ ಕೈಗೆ ಸಿಗಲಿ, ಹಳೆಯ ವಿದ್ಯಾರ್ಥಿಗಳಿಗೂ ಸಿಗಲಿ. ಪದವಿ ಮುಗಿಸಿ ಊರಲ್ಲಿ ಕೂತು ಫೋಟೊ ತಿದ್ದುವವರಿಗೇ ಅದರ ಅಗತ್ಯ ಹೆಚ್ಚು. ನಮ್ಮ ವಿಭಾಗದಲ್ಲಿ ನಾವು ಹನ್ನೊಂದು ಮಂದಿ ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಮುಂದಿನ ಸೆಮಿಸ್ಟರ್‌ನ ಖರೀದಿ ಪಟ್ಟಿಗೆ ಸೇರಿಸಿ ನೋಡೋಣ ಎಂದಿದ್ದಾರೆ. ಪಟ್ಟಿ ಜುಲೈನಲ್ಲಿ ಹೋಗುತ್ತದಂತೆ, ಅಷ್ಟರೊಳಗೆ ಇನ್ನೊಮ್ಮೆ ಹೋಗಿ ಕೇಳುವವರಿದ್ದೇವೆ.